ಕಿಟ್ಟ, ಬೂದಿ ಮತ್ತು ಕಡಲ ತಳದ ಕೆಸರು



ಮಾತಿಗೆ ಮುಂಚೆ ಈ ಮೇಜಿನ ಮೇಲಿನ ಮೂರು ಬಾಟಲಿಗಳ ವಿಚಾರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಕೂತಿರುವ ಕನ್ನಡ ಶಾಲೆಯ ಮಕ್ಕಳ ಕಣ್ಣು ನನ್ನ ಕಡೆ ತಿರುಗುವುದಿಲ್ಲ. ಮೂರರಲ್ಲೂ ಇರುವುದು ನಿಮ್ಮೂರು ಕಣೇಕಲ್ಲಿನ ಕೆರೆಯ ಕೆಸರೇ. ಮೊದಲನೆಯದಕ್ಕೆ ಕೆರೆಯ ನೀರನ್ನೇ ತುಂಬಿದ್ದೇನೆ. ಎರಡನೆಯದಕ್ಕೆ ಮಲ್ಪೆಯಿಂದ ತರಿಸಿದ ಸಮುದ್ರದ ನೀರು. ಮೂರನೆಯದಕ್ಕೂ ಸಮುದ್ರದ ನೀರೇ, ಆದರೆ ಅದರ ಕೆಸರಿನ ಮೇಲೆ ಎರಡು ಬೆರಳು ದಪ್ಪಕ್ಕೆ ಬೂದು ಬಣ್ಣದ ಕಾಳುಗಳನ್ನು ಹರಡಿದ್ದೇನೆ. ಮೂರಕ್ಕೂ ಒಂದೊಂದು ಚಮಚ ಗಂಜಿ ಹಾಕಿ, ಮುಚ್ಚಳ ಸಡಿಲ ಬಿಟ್ಟು, ನಲವತ್ತು ದಿನ ನೆರಳಲ್ಲಿ ಇಟ್ಟಿದ್ದೆ. ಮನೆಯವರು ಮೂರನ್ನೂ ಹಿತ್ತಲಿಗೆ ಗಡೀಪಾರು ಮಾಡಿದ್ದರು. ಏಕೆಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ಈ ದತ್ತಿ ಉಪನ್ಯಾಸಕ್ಕೆ ಒಂದೇ ಕರಾರು: ಮಾತು ಕನ್ನಡದಲ್ಲಿರಬೇಕು, ಊರವರಿಗೆ ತಿಳಿಯಬೇಕು. ವಿಷಯ ಉಪನ್ಯಾಸಕನಿಗೆ ಬಿಟ್ಟದ್ದು. ಕೆಟ್ಟುಹೋದ ಸಮುದ್ರತಳವನ್ನು ಕಾರ್ಖಾನೆಯ ಉಳಿಕೆ ಪದಾರ್ಥದಿಂದ ಸರಿಪಡಿಸುವ ಬಗ್ಗೆ ಮಾತಾಡುತ್ತೇನೆ ಅಂದಾಗ ಗೆಳೆಯರೊಬ್ಬರು ನಕ್ಕರು. ‘ಸಾರ್, ನಮಗೆ ಹಗರಿ ಹೊಳೆಯ ಮರಳಿನ ಕಾಟವೇ ಸಾಕಾಗಿದೆ. ಸಮುದ್ರದ ತಳ ಕಟ್ಟಿಕೊಂಡು ಏನು ಮಾಡೋಣ?’ ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ದರ್ಗಾ ಹೊನ್ನೂರು, ಗೋವಿಂದವಾಡದ ಕಡೆ ಬೇಸಿಗೆ ಗಾಳಿಗೆ ಮರಳ ದಿಬ್ಬ ಹೊಲದಿಂದ ಹೊಲಕ್ಕೆ ನಡೆದುಹೋಗುವುದನ್ನು ಕಂಡವರಿಗೆ ಕಡಲು ದೂರದ ಮಾತೇ.

ಆದರೂ ಇಲ್ಲಿಯೇ ಹೇಳಬೇಕೆನಿಸಿದ್ದಕ್ಕೆ ಎರಡು ಕಾರಣ ಇವೆ. ರೋಗ ಕಡಲಿನದಾದರೂ, ಮದ್ದು ಎಂದು ಹೇಳಲಾಗುತ್ತಿರುವ ವಸ್ತು ನಮ್ಮ ಪಕ್ಕದಲ್ಲೇ ಗುಡ್ಡಗುಡ್ಡವಾಗಿ ಬೀಳುತ್ತಿದೆ: ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಕಿಟ್ಟ, ಕುಡತಿನಿಯ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿ. ಇದು ಒಂದು. ಇನ್ನೊಂದು, ಕಾರ್ಖಾನೆಯ ಉಳಿಕೆಯಿಂದ ಮಣ್ಣಿಗೆ ಮದ್ದು ಮಾಡುವ ವಿದ್ಯೆ ನಿಮಗೆ ಹೊಸದೇನಲ್ಲ. ಶೇಂಗಾ ಹೂ ಬಿಡುವ ಹೊತ್ತಿಗೆ ಗಿಡದ ಬುಡಕ್ಕೆ ಜಿಪ್ಸಂ ಹಾಕುತ್ತೀರಿ. ಕಾಲುವೆ ಕೆಳಗೆ ಚೌಳು ಬಿದ್ದ ಹೊಲಕ್ಕೂ ಜಿಪ್ಸಂ ಹಾಕಿ, ನೀರು ಕಟ್ಟಿ, ಬಸಿಯುತ್ತೀರಿ. ಆ ಜಿಪ್ಸಂನಲ್ಲಿ ಒಂದು ಪಾಲು ಗಣಿಯದು, ಇನ್ನೊಂದು ಪಾಲು ರಸಗೊಬ್ಬರ ಕಾರ್ಖಾನೆಯಲ್ಲಿ ಫಾಸ್ಫಾರಿಕ್ ಆಮ್ಲ ತೆಗೆದ ಮೇಲೆ ಉಳಿದದ್ದು. ಅದರ ಸುಣ್ಣದಂಶ ಮಣ್ಣಿನ ಸೋಡಿಯಂ ಅನ್ನು ತಳ್ಳಿ ತಾನು ಅಲ್ಲಿ ಕೂರುತ್ತದೆ. ತಳ್ಳಿಸಿಕೊಂಡ ಸೋಡಿಯಂ ನೀರಿನ ಜೊತೆ ಹೋಗುತ್ತದೆ. ಬಸಿಗಾಲುವೆ ಇಲ್ಲದೆ ಬರೀ ಜಿಪ್ಸಂ ಸುರಿದರೆ ಏನೂ ಆಗುವುದಿಲ್ಲ ಎಂಬುದೂ ನಿಮಗೆ ಗೊತ್ತು. ಈ ಕೊನೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಈಗ ಕೆಸರಿಗೆ ಬರೋಣ. ಕೆರೆ ಇಳಿದಾಗ ಅಂಚಿನಲ್ಲಿ ಕೈ ಹಾಕಿದವರಿಗೆಲ್ಲ ಗೊತ್ತಿರುವ ಸಂಗತಿ: ಮೇಲೊಂದು ಕಂದು ಪೊರೆ, ಅದರ ಕೆಳಗೆ ಕಾಡಿಗೆಯಂಥ ಕಪ್ಪು. ಕೋಲಿನಿಂದ ಚುಚ್ಚಿದರೆ ಗುಳುಗುಳು ಗುಳ್ಳೆ. ಕಂದು ಪೊರೆಯಷ್ಟೇ ಉಸಿರಾಡುವ ಕೆಸರು. ನೀರಿನಲ್ಲಿ ಕರಗಿದ ಆಮ್ಲಜನಕ ಕೆಸರಿನೊಳಗೆ ಕೆಲವು ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಬದುಕುವ ಸೂಕ್ಷ್ಮಜೀವಿಗಳು ಎಲೆ, ಸಗಣಿ, ಚರಂಡಿಯ ಕೊಳೆ ಎಲ್ಲವನ್ನೂ ತಿನ್ನುತ್ತವೆ, ಆದರೆ ಆಮ್ಲಜನಕವಿಲ್ಲದೆ ಉಸಿರಾಡುವ ಬೇರೆ ದಾರಿ ಹುಡುಕಿಕೊಂಡಿವೆ. ಕೆರೆಯಲ್ಲಿ ಆ ದಾರಿ ಮೀಥೇನ್‌ನಲ್ಲಿ ಮುಗಿಯುತ್ತದೆ. ನೀವು ಚುಚ್ಚಿದಾಗ ಏಳುವ ಗುಳ್ಳೆಯಲ್ಲಿ ಹೆಚ್ಚಿನದು ಅದೇ, ಗೋಬರ್ ಗ್ಯಾಸಿನ ತಮ್ಮ.

ಸಮುದ್ರದಲ್ಲಿ ಕತೆ ಬೇರೆ ತಿರುವು ತೆಗೆದುಕೊಳ್ಳುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಕರಗಿದ ಆಮ್ಲಜನಕ ಸಾಮಾನ್ಯವಾಗಿ 10 ಮಿಲಿಗ್ರಾಂ ಕೂಡ ಇರುವುದಿಲ್ಲ. ಸಲ್ಫೇಟ್ ಮಾತ್ರ ಸುಮಾರು 2.7 ಗ್ರಾಂ. ಅಂದರೆ ಇನ್ನೂರೆಪ್ಪತ್ತು ಪಟ್ಟಿಗೂ ಹೆಚ್ಚು. ಉಸಿರು ಕಟ್ಟಿದ ಕೆಸರಿನ ಜೀವಿಗಳಿಗೆ ಇದು ಮನೆ ಬಾಗಿಲಿಗೆ ಬಂದ ದಾಸ್ತಾನು. ಸಲ್ಫೇಟ್‌ನಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಉಗುಳುತ್ತವೆ. ಕೊಳೆತ ಮೊಟ್ಟೆಯ ನಾತ ಅದರದೇ. ಕೆಸರಿನಲ್ಲಿ ಕಬ್ಬಿಣ ಇದ್ದಷ್ಟು ಹೊತ್ತು ಅದು ಈ ವಿಷವನ್ನು ಹಿಡಿದು ಕಪ್ಪು ಪುಡಿಯಾಗಿಸಿ ಕೂರಿಸುತ್ತದೆ. ಕಬ್ಬಿಣ ತೀರಿತೋ, ವಿಷ ನೀರಿಗೆ ಏರುತ್ತದೆ. ಕೆಸರಿನಲ್ಲಿ ಮನೆ ಮಾಡಿದ ಹುಳು, ಬೆಳಚು, ಏಡಿ ಮೊದಲು ಸಾಯುತ್ತವೆ. ಅವು ತೋಡುವ ಬಿಲಗಳಿಂದಲೇ ಕೆಸರಿಗೆ ಒಂದಿಷ್ಟು ಗಾಳಿ ಸಿಗುತ್ತಿತ್ತು. ಅವು ಸತ್ತ ಮೇಲೆ ಅದೂ ನಿಲ್ಲುತ್ತದೆ. ಕಬ್ಬಿಣದ ಜೊತೆ ಅಂಟಿಕೊಂಡಿದ್ದ ಫಾಸ್ಫೇಟ್ ಬಿಡುಗಡೆಯಾಗಿ ಮೇಲೆ ಬಂದು ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಸತ್ತು ಮತ್ತೆ ತಳಕ್ಕೇ ಬೀಳುತ್ತದೆ. ಸಾಲ ತೀರಿಸಲು ಸಾಲ ಮಾಡಿದವನ ಹಾಗೆ ತಳ ವರ್ಷದಿಂದ ವರ್ಷಕ್ಕೆ ಮುಳುಗುತ್ತದೆ. ಮೇಲಿನಿಂದ ಕೊಳೆ ಬರುವುದು ನಿಂತರೂ ತಳ ತನ್ನ ಹಳೆಯ ಬಾಕಿಯಿಂದಲೇ ಬಹಳ ಕಾಲ ನರಳುತ್ತದೆ.

ಜಪಾನಿನವರು ಇಂಥ ಕೆಸರಿಗೆ ‘ಹೆದೊರೊ’ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ನಂತರದ ಕೈಗಾರಿಕೆಯ ಓಟದಲ್ಲಿ ಅವರ ಸೆಟೊ ಒಳಗಡಲು ತುಂಬ ಹೆದೊರೊ ಬಿತ್ತು. 1972ರಲ್ಲಿ ಹರಿಮಾ ಎಂಬ ಭಾಗದಲ್ಲಿ ಕೆಂಪು ಪಾಚಿ ಉಕ್ಕಿ, ಸಾಕಿದ ಮೀನು ಸುಮಾರು 1 ಕೋಟಿ 40 ಲಕ್ಷ ಸತ್ತವು. ಮರುವರ್ಷವೇ ಆ ಕಡಲಿಗಾಗಿ ಪ್ರತ್ಯೇಕ ಕಾನೂನು ಬಂತು. ಮೊದಲು ಅವರು ಮಾಡಿದ್ದು ಕಡಲಿಗೆ ಬೀಳುವ ಕೊಳೆಯನ್ನು ಕತ್ತರಿಸುವ ಕೆಲಸ. ತಳಕ್ಕೆ ಮದ್ದು ಹುಡುಕಿದ್ದು ಆಮೇಲೆ. ನಮ್ಮಲ್ಲಿ ಈ ಕ್ರಮ ಸಾಮಾನ್ಯವಾಗಿ ತಲೆಕೆಳಗು. ಚರಂಡಿ ಹರಿಯುತ್ತಲೇ ಇರುತ್ತದೆ, ಹೂಳೆತ್ತುವ ಟೆಂಡರು ಮಾತ್ರ ಕರೆಯಲಾಗುತ್ತದೆ. (ಜಪಾನಿನವರು ಕತ್ತರಿಸಿ ಕತ್ತರಿಸಿ ಕೊನೆಗೆ ಸಮುದ್ರದ ಬೆಳೆಗೆ ಪೋಷಕಾಂಶವೇ ಸಾಲದೆ, 2021ರಲ್ಲಿ ಕಾನೂನು ತಿದ್ದಿ ಅಷ್ಟಿಷ್ಟು ಬಿಡಲು ಒಪ್ಪಿಕೊಂಡರು. ಅಂಥ ಕಷ್ಟ ನಮಗೆ ಸದ್ಯಕ್ಕಿಲ್ಲ.)

ತಳದ ಮದ್ದಿಗೆ ಬಂದಾಗ ಹಿರೋಶಿಮಾದ ಕತೆ ಕೇಳಬೇಕು. ಓತಾ ನದಿ ಸೇರುವ ಹಿರೋಶಿಮಾ ಕೊಲ್ಲಿ ಸಿಂಪಿ ಸಾಕಣೆಗೆ ಹೆಸರಾದದ್ದು. ಅದರ ಮಗ್ಗುಲಿನ ಕೈತಾ ಕೊಲ್ಲಿಯ ತಳ ಕೊಳೆತುಹೋಗಿತ್ತು. ಅಲ್ಲಿಯ ಚೂಗೋಕು ವಿದ್ಯುತ್ ಕಂಪನಿ ತನ್ನ ಉಷ್ಣ ಸ್ಥಾವರದ ಬೂದಿಯನ್ನು ಹಾಗೆಯೇ ಸುರಿಯಲಿಲ್ಲ. ಬೂದಿಗೆ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಸಿಮೆಂಟ್ ಸೇರಿಸಿ, ನೀರು ಚಿಮುಕಿಸಿ, ಉರುಳಿಸಿ ಉರುಳಿಸಿ ಕಾಳು ಕಟ್ಟಿತು. ಕಡಲೆಯಿಂದ ನಿಂಬೆಯವರೆಗಿನ ಗಾತ್ರ. ಹಿರೋಶಿಮಾ ವಿಶ್ವವಿದ್ಯಾಲಯದವರು ಆ ಕಾಳುಗಳನ್ನು ಕೊಲ್ಲಿಯ ಕೆಸರಿನ ಮೇಲೆ ಹರಡಿ ವರ್ಷಗಟ್ಟಲೆ ಅಳೆದರು. ಕೆಸರಿನ ಸಂದಿನ ನೀರಿನಲ್ಲಿ ಫಾಸ್ಫೇಟ್ ಇಳಿಯಿತು, ಹೈಡ್ರೋಜನ್ ಸಲ್ಫೈಡ್ ಇಳಿಯಿತು. ಕಾಳಿನ ಸುಣ್ಣ ಫಾಸ್ಫೇಟ್ ಅನ್ನು ಕಟ್ಟಿಹಾಕುತ್ತದೆ. ಬೂದಿಯೊಳಗೆ ಸ್ವಲ್ಪವೇ ಇರುವ ಮ್ಯಾಂಗನೀಸ್ ಆಕ್ಸೈಡ್ ಸಲ್ಫೈಡ್ ಅನ್ನು ಸುಟ್ಟು ಗಂಧಕವಾಗಿಸುತ್ತದೆ. ಇವೆರಡಕ್ಕಿಂತ ನನಗೆ ದೊಡ್ಡದೆನಿಸುವುದು ಮೂರನೆಯ ಗುಣ, ಅದರಲ್ಲಿ ರಸಾಯನವೇ ಇಲ್ಲ: ಕಾಳು ಕಾಳಿನ ನಡುವೆ ಸಂದು ಇರುತ್ತದೆ. ಭರತ ಇಳಿತದ ನೀರು ಆ ಸಂದಿನಲ್ಲಿ ಓಡಾಡುತ್ತದೆ, ಕೆಸರಿಗೆ ಮತ್ತೆ ಮೂಗಿನ ಹೊಳ್ಳೆ ತೆರೆದ ಹಾಗೆ.

ಇದೇ ಬೂದಿಯ ಇನ್ನೊಂದು ಕತೆ ನಮಗೆ ಹತ್ತಿರದಲ್ಲಿದೆ, ಚೆನ್ನೈನ ಎಣ್ಣೂರಿನಲ್ಲಿ. ಉತ್ತರ ಚೆನ್ನೈ ಉಷ್ಣ ವಿದ್ಯುತ್ ಸ್ಥಾವರದ ಬೂದಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ದೂರದ ಹೊಂಡಕ್ಕೆ ಸಾಗಿಸುತ್ತಿದ್ದರು. ಕೊಳವೆ ಸೋರಿತು. ಒಂದು ದಿನವಲ್ಲ, ವರ್ಷಗಟ್ಟಲೆ. ಕೊಸಸ್ತಲೈಯಾರ್ ನದಿ ಕಡಲು ಸೇರುವ ಅಳಿವೆಯ ತಳದ ಮೇಲೆ ಬೂದಿ ಪದರ ಪದರವಾಗಿ ಕೂತು ಹಿನ್ನೀರು ಆಳ ಕಳೆದುಕೊಂಡಿತು. ಸಿಗಡಿ, ಸಿಂಪಿ ಹಿಡಿದು ಬದುಕುತ್ತಿದ್ದವರ ಬಲೆ ಬರಿದಾಯಿತು. ಮೀನುಗಾರರು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ಎಣ್ಣೂರಿನ ಬೂದಿ ಮತ್ತು ಹಿರೋಶಿಮಾದ ಬೂದಿ ಹುಟ್ಟಿನಲ್ಲಿ ಅಷ್ಟೇನೂ ಬೇರೆಯಲ್ಲ. ಎರಡರಲ್ಲೂ ಹೆಚ್ಚಿನ ಪಾಲು ಸಿಲಿಕಾ, ಅಲ್ಯೂಮಿನಾ. ಆದರೆ ಎಣ್ಣೂರಿನದು ಗೋಧಿಹಿಟ್ಟಿಗಿಂತ ನುಣುಪಾದ ಹುಡಿ. ಅದು ಬಿಲದ ಬಾಯಿ ಮೆತ್ತುತ್ತದೆ, ಸಿಂಪಿಯ ಕಿವಿರು ಮುಚ್ಚುತ್ತದೆ. ಅದರೊಳಗಿನ ಆರ್ಸೆನಿಕ್, ಸೆಲೆನಿಯಂ, ಬೋರಾನ್ ನೀರಿಗೆ ಎಷ್ಟು ಇಳಿದೀತು ಎಂದು ನೋಡಿ ಬಿಟ್ಟದ್ದೂ ಅಲ್ಲ. ಒಂದು ಕಡೆ ತೂಗಿ, ಕಟ್ಟಿ, ಒಣಗಿಸಿ, ಅಳೆದು ಹಾಕಿದ್ದು. ಇನ್ನೊಂದು ಕಡೆ ಸೋರಿಹೋದದ್ದು. ಈ ಎರಡರ ನಡುವಿನ ಅಂತರವೇ ನನ್ನ ಇವತ್ತಿನ ಉಪನ್ಯಾಸ. ಉಳಿದದ್ದೆಲ್ಲ ಅದಕ್ಕೆ ಸುತ್ತಿದ ನೂಲು.

ಬೂದಿಯ ಮಾತು ಬಂದಾಗ ಕುಡತಿನಿಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಬಳ್ಳಾರಿ–ಹೊಸಪೇಟೆ ದಾರಿಯಲ್ಲಿ, ಈಗಿನ 1,700 ಮೆಗಾವಾಟ್ ಉಷ್ಣ ಸ್ಥಾವರದ ಸೀಮೆಯಲ್ಲೇ, ನಾಲ್ಕೈದು ಸಾವಿರ ವರ್ಷ ಹಳೆಯ ಬೂದಿದಿಬ್ಬ ಇದೆ. ಇಂಥ ದಿಬ್ಬಗಳನ್ನು ನಮ್ಮ ಹಿರಿಯರು ರಾಕ್ಷಸರ ಚಿತಾಭಸ್ಮ ಎಂದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎಂದು ಈಗಲೂ ತೋರಿಸುತ್ತಾರೆ. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಉಟ್ನೂರಿನ ದಿಬ್ಬ ಅಗೆದು, ಇದು ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟ ಬೂದಿ ಎಂದು ತೋರಿಸಿದರು. ನಮ್ಮ ಸೀಮೆಗೆ ಬೂದಿಗುಡ್ಡ ಹೊಸದಲ್ಲ, ನೋಡಿ. ಹೊಸದು ಅದರ ವೇಗ. ಭಾರತದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಪಾಲು ಬೂದಿಯೇ. ದೇಶದಲ್ಲಿ ವರ್ಷಕ್ಕೆ ಏಳುವ ಬೂದಿ 2021–22ರಲ್ಲಿ 27 ಕೋಟಿ ಟನ್ ತಲುಪಿತ್ತು. 1999ರಿಂದ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸುತ್ತಲೇ ಬಂದಿದೆ. 2021ರ ಡಿಸೆಂಬರ್ 31ರದು ಕಟ್ಟುನಿಟ್ಟು: ಬೂದಿ ಪೂರ್ತಿ ಬಳಕೆಯಾಗಬೇಕು, ಇಲ್ಲದಿದ್ದರೆ ದಂಡ. ಒಳ್ಳೆಯದೇ. ಆದರೆ ಟನ್ ಲೆಕ್ಕ ಮಾತ್ರ ಕೇಳುವ ಕಾನೂನಿನ ಎದುರು, ಕೈಯಲ್ಲಿ ಬೂದಿ ಹಿಡಿದವನಿಗೆ ಊರೆಲ್ಲ ಹೊಂಡವಾಗಿಯೇ ಕಾಣುತ್ತದೆ.

ಕಿಟ್ಟದ ಬಗ್ಗೆ ಇಷ್ಟು ಹೊತ್ತು ಬೇಡ. ಕುಲುಮೆಯ ಮುಂದೆ ಕೂತವರಿಗೆ ಕಿಟ್ಟ ಗೊತ್ತು; ತೋರಣಗಲ್ಲಿನದು ಅದರ ಭೀಮಕಾಯ. ಊದುಕುಲುಮೆಯ ಕಿಟ್ಟಕ್ಕೆ ಸಿಮೆಂಟ್ ಕಾರ್ಖಾನೆಯ ಗಿರಾಕಿ ಇದೆ, ಅದನ್ನೇ ‘ಸ್ಲ್ಯಾಗ್ ಸ್ಯಾಂಡ್’ ಎಂದು ಮನೆ ಕಟ್ಟುವವರಿಗೂ ಮಾರುತ್ತಾರೆ. ಮರಳಿನಲ್ಲಿ ಹೂತುಹೋಗುತ್ತಿರುವ ತಾಲ್ಲೂಕಿನ ಪಕ್ಕದಲ್ಲಿ ಕಾರ್ಖಾನೆಯ ಮರಳಿಗೆ ವ್ಯಾಪಾರ! ಗಿರಾಕಿ ಸಿಗದೆ ಉಳಿಯುವುದು ಉಕ್ಕು ಮಾಡುವಾಗ ಬರುವ ಕಿಟ್ಟ. ಅದರಲ್ಲಿ ಸುಟ್ಟ ಸುಣ್ಣ ಉಳಿದಿರುತ್ತದೆ, ನೀರು ಕಂಡರೆ ಉಬ್ಬುತ್ತದೆ, ಗೋಡೆ ಬಿರಿಯುತ್ತದೆ. ಜಪಾನಿನಲ್ಲಿ ಬಂದರಿನಿಂದ ಎತ್ತಿದ ಮೆದು ಹೂಳಿಗೆ ಈ ಕಿಟ್ಟವನ್ನೇ ಬೆರೆಸುತ್ತಾರೆ. ಆ ಉಪದ್ರವದ ಸುಣ್ಣವೇ ಹೂಳನ್ನು ಗಟ್ಟಿ ಮಾಡಿ, ಸಲ್ಫೈಡ್ ಏಳುವುದನ್ನು ತಡೆದು, ತಗ್ಗುಬಿದ್ದ ಕಡಲ ತಳ ತುಂಬಲು ಯೋಗ್ಯ ಮಾಡುತ್ತದೆ. ಹೊಕ್ಕಾಯ್ಡೊದ ಮಾಶಿಕೆ ತೀರದಲ್ಲಿ 2004ರಲ್ಲಿ ಕಿಟ್ಟವನ್ನು ಕೊಳೆಸಿದ ಮರದ ಚಕ್ಕೆಯ ಜೊತೆ ಚೀಲದಲ್ಲಿ ಹೂತರು. ಬರಡಾಗಿದ್ದ ಬಂಡೆಯ ಮೇಲೆ, ಅದರಿಂದ ಒಸರುವ ಕಬ್ಬಿಣವನ್ನು ಕುಡಿದು ಕಡಲ ಕಳೆ ಚಿಗುರಲಿ ಎಂಬ ಲೆಕ್ಕ. ಕಿಟ್ಟ ಗೊಬ್ಬರವಾದದ್ದು ಇದೇ ಮೊದಲೂ ಅಲ್ಲ: 1878ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಎಂಬ ಕೋರ್ಟ್ ಗುಮಾಸ್ತ, ಅದಿರಿನ ರಂಜಕವನ್ನು ಕಿಟ್ಟಕ್ಕೆ ಎಳೆಯುವ ದಾರಿ ಕಂಡುಹಿಡಿದ. ಆ ಕಿಟ್ಟದ ಪುಡಿಯನ್ನು ಯುರೋಪಿನ ರೈತರು ತಲೆಮಾರುಗಟ್ಟಲೆ ಹೊಲಕ್ಕೆ ಹಾಕಿದರು.

ಹಾಗಾದರೆ ತೋರಣಗಲ್ಲಿನಿಂದ ರೈಲು ತುಂಬಿಸಿ ಮಂಗಳೂರಿಗೆ ಕಳಿಸಿಬಿಡೋಣವೇ? ಅವಸರ ಬೇಡ. ನಮ್ಮ ಕರಾವಳಿಯ ಜಾಡ್ಯ ಒಂದೇ ತೆರನದಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಪಶ್ಚಿಮ ಕರಾವಳಿಯ ಕಡಲಿನಲ್ಲಿ ಆಳದ, ಆಮ್ಲಜನಕ ಕಡಿಮೆಯಿರುವ ನೀರು ದಂಡೆಯತ್ತ ಏರಿ ಬರುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಂತೆ, ಹೀಗೆ ಉಸಿರುಗಟ್ಟುವ ಪ್ರದೇಶದ ವಿಸ್ತಾರ ಸುಮಾರು 1.8 ಲಕ್ಷ ಚದರ ಕಿಲೋಮೀಟರ್. ಕರ್ನಾಟಕಕ್ಕೆ ಹತ್ತಿರ ಹತ್ತಿರ ಸಮ. ಇದು ಬಹುಪಾಲು ಪ್ರಕೃತಿಯ ಕೆಲಸ, ಯಾವ ಕಾಳಿಗೂ ಬಗ್ಗುವುದಿಲ್ಲ. ಮದ್ದು ನಾಟುವುದು ನಾವು ಕೆಡಿಸಿದ ಚಿಕ್ಕ ಚಿಕ್ಕ ಜಾಗಗಳಿಗೆ: ಬಂದರಿನ ಮೂಲೆ, ಪಟ್ಟಣದ ಕೊಳೆ ಬೀಳುವ ಅಳಿವೆ, ಬೋಟು ನಿಲ್ಲುವ ದಕ್ಕೆಯ ಕೆಳಗು.

ಅಲ್ಲಿಯೂ ತೊಡಕಿದೆ. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆಯಲ್ಲ, ಅದರ ಹತ್ತಿರದ ಕಡಲಿನ ಪಾದರಸದ ಬಗ್ಗೆ ಕೃಷ್ಣಕುಮಾರ್ ಮತ್ತು ಪಿಳ್ಳೈ ಎಂಬ ವಿಜ್ಞಾನಿಗಳು 1990ರಲ್ಲೇ ಬರೆದಿದ್ದರು. ಆಗ ಉಪ್ಪುನೀರಿನಿಂದ ಸೋಡಾ ತೆಗೆಯಲು ಪಾದರಸದ ತೊಟ್ಟಿ ಬಳಸುವುದು ಹಲವೆಡೆ ರೂಢಿಯಲ್ಲಿತ್ತು. ಪಾದರಸ ಸೇರಿದ ಕೆಸರಿನಲ್ಲಿ ನಾನು ಆಗಲೇ ಹೇಳಿದ ಸಲ್ಫೇಟ್ ಉಸಿರಾಡುವ ಜೀವಿಗಳೇ ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ, ಅದು ಮೀನಿಗೆ ಏರುತ್ತದೆ. ಹಾಗಂತ ಸಲ್ಫೈಡ್ ಅನ್ನು ಓಡಿಸಿಬಿಟ್ಟರೆ ಗೆದ್ದೆವೆಂದಲ್ಲ. ಒಂದಿಷ್ಟು ಪಾದರಸವನ್ನು ಕಲ್ಲಿನ ಹಾಗೆ ಹಿಡಿದು ಕೂರಿಸಿರುವುದೂ ಅದೇ ಸಲ್ಫೈಡ್. ನಾತಕ್ಕೆ ಕೊಟ್ಟ ಮದ್ದು ವಿಷದ ಬೀಗ ತೆಗೆಯಬಹುದು. ಪಾದರಸದಿಂದ ಕೆಟ್ಟ ಜಪಾನಿನ ಮಿನಮಾಟ ಕೊಲ್ಲಿಯಲ್ಲಿ ಇಂಥ ಆಟಕ್ಕೆ ಹೋಗಲಿಲ್ಲ. 1977ರಿಂದ 1990ರವರೆಗೆ ಹದಿನಾಲ್ಕು ವರ್ಷ, 15 ಲಕ್ಷ ಘನಮೀಟರ್ ಕೆಸರನ್ನು ಹೀರಿ ತೆಗೆದು, ಗೋಡೆ ಕಟ್ಟಿ, ಮುಚ್ಚಿದರು. ಅದರ ಮೇಲೆ ಈಗ 58 ಹೆಕ್ಟೇರ್ ನೆಲವಿದೆ.

ಕಾನೂನಿಗೂ ಈ ಗೆರೆ ಎಳೆಯುವುದು ಸುಲಭವಾಗಿಲ್ಲ. ಕಡಲಿಗೆ ಕಸ ಸುರಿಯುವುದನ್ನು ತಡೆಯಲು 1972ರಲ್ಲಿ ಆದ ಲಂಡನ್ ಒಪ್ಪಂದ, ಬರೀ ವಿಲೇವಾರಿಗಲ್ಲದೆ ಬೇರೆ ಉದ್ದೇಶಕ್ಕಾಗಿ ಇಟ್ಟ ವಸ್ತುವನ್ನು ‘ಸುರಿದದ್ದು’ ಎಂದು ಎಣಿಸುವುದಿಲ್ಲ. ಅಂದರೆ ಎಲ್ಲವೂ ಉದ್ದೇಶದ ಮೇಲೆ ನಿಂತಿದೆ, ಉದ್ದೇಶವನ್ನು ಬರೆಯುವವನು ಬೂದಿಯ ಒಡೆಯ. ನಮ್ಮ 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ನೆಲ ತುಂಬಲು ಹಾರುಬೂದಿ ಸುರಿಯುವುದನ್ನು ನಿಷೇಧಿಸಿತು. ಆ ನಿಷೇಧ ಇರಲಿ ಎನ್ನುವವನು ನಾನು. ಯಾರಾದರೂ ಮದ್ದು ಎಂದು ತಂದರೆ ಮೂರು ಪ್ರಶ್ನೆ ಕೇಳಬೇಕು. ಕೊಳೆ ಬೀಳುವುದು ನಿಂತಿದೆಯೇ? ಚೌಳು ಹೊಲಕ್ಕೆ ಬಸಿಗಾಲುವೆ ಇದ್ದ ಹಾಗೆ ಅದು ಮೊದಲು. ಈ ಕಾಳಿನಿಂದ ಈ ಉಪ್ಪುನೀರಿಗೆ ಏನೇನು ಒಸರುತ್ತದೆ ಎಂದು ಅಳೆದವರು ಯಾರು, ಒಡೆಯನೋ ಹೊರಗಿನವರೋ? ಹಾಕಿದ ಮೇಲೆ ಐದು ವರ್ಷ ಬಂದು ನೋಡುವ ಕೂಲಿ ಯಾರ ಜೇಬಿನಿಂದ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಅದು ಎಣ್ಣೂರಿನ ದಾರಿ ಎಂದೇ ತಿಳಿಯುತ್ತೇನೆ.

ಈಗ ಬಾಟಲಿಗಳು. ಮೂರನೆಯದರ ಕಾಳುಗಳನ್ನು ನಾನೇ ಕಟ್ಟಿದ್ದು. ಬೂದಿ ಇಟ್ಟಿಗೆ ಮಾಡುವವರ ಹತ್ತಿರ ಒಂದು ಡಬ್ಬಿ ಹಾರುಬೂದಿ ತಂದು, ನೂರಕ್ಕೆ ಹದಿನೈದು ಭಾಗ ಸಿಮೆಂಟ್ ಬೆರೆಸಿ, ಮೊರದಲ್ಲಿ ಉರುಳಿಸಿದೆ. ಮೊದಲ ಸಲ ಅವಸರಪಟ್ಟು ಎರಡೇ ದಿನಕ್ಕೆ ಕೆಸರಿನ ಮೇಲೆ ಹಾಕಿದೆ. ಲಿಟ್ಮಸ್ ಕಾಗದ ನೀಲಿಗೆ ತಿರುಗಿತು, ಬಾಟಲಿಯ ಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ ಕೂತಿತು. ಸಮುದ್ರದ ಮೆಗ್ನೀಸಿಯಂ ಸುಣ್ಣದ ಜೊತೆ ಸೇರಿ ಕಟ್ಟಿದ ಪೊರೆ ಅದು. ಅದರಲ್ಲಿ ಯಾವ ಹುಳವೂ ಬದುಕುವ ಹಾಗಿರಲಿಲ್ಲ. ಎರಡನೆಯ ಸಲ ಕಾಳುಗಳನ್ನು ನಾಲ್ಕು ವಾರ ನೀರು ಹಾಕಿ ಕ್ಯೂರಿಂಗ್ ಮಾಡಿ, ತೊಳೆದು, ಹರಡಿದೆ. ನೀವು ನೋಡುತ್ತಿರುವುದು ಅದು.

ಮಕ್ಕಳು ಒಬ್ಬೊಬ್ಬರಾಗಿ ಬರಬಹುದು. ಮೊದಲನೆಯದನ್ನು ಮೆಲ್ಲಗೆ ತಟ್ಟಿ, ಗುಳ್ಳೆ ಏಳುತ್ತದೆ, ನಾತ ಹೆಚ್ಚಿಲ್ಲ. ಮೂರನೆಯದರಲ್ಲಿ ಕಾಳಿನ ಕೆಳಗೆ ಕಪ್ಪು ಇನ್ನೂ ಇದೆ, ಮೇಲೆ ಬಂದಿಲ್ಲ. ಮೂಸಿ ನೋಡಿ ನಿಮಗೆ ಅನ್ನಿಸಿದ್ದನ್ನೇ ಹೇಳಿ, ನನ್ನನ್ನು ಮೆಚ್ಚಿಸಬೇಡಿ. ಎರಡನೆಯದರ ಮುಚ್ಚಳವನ್ನು ಇಲ್ಲಿ ತೆಗೆಯುವುದು ಬೇಡ. ಹೊರಗೆ ಬೇವಿನ ಮರದ ಕೆಳಗೆ ಒಯ್ದು, ಗಾಳಿಗೆ ಬೆನ್ನು ಮಾಡಿ, ನಾನೇ ತೆಗೆಯುತ್ತೇನೆ.